ಗೆಳೆಯನಿಗೊಂದು ಪತ್ರ: ಆರು ಸಿಲಿಂಡರೂ ಸಾಲಾಗಿಯೇ ಇರಲಿ

ಪ್ರೀತಿಯ ಗೆಳೆಯಾ,

"ಆ ಹಳೇ ಎಂಜಿನ್ ಇಳಿಸಿ ಒಂದು ವಿ8 ಕೂರಿಸು, ಆಮೇಲೆ ಪಿಕಪ್ ನೋಡು" ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ಅದೇ ತಲೆಯಲ್ಲಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಎಂಟು ಸಿಲಿಂಡರಿನ ವಿ8 ಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ. ನನ್ನಿಂದ ಆಗಲ್ಲ ಮಾರಾಯಾ.

ನನ್ನದು 1972ರ ಡಟ್ಸನ್ 240ಝಡ್ ಕಾರು. ರೇಸ್ ಚಾಲಕ ಶೇಖರ್ ಮೆಹ್ತಾ 1973ರಲ್ಲಿ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಗೆದ್ದದ್ದು ಇದೇ ಮಾದರಿಯಲ್ಲಿ. ಒಳಗಿರುವುದು ಎಲ್24 ಎಂಜಿನ್, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, 2393 ಸಿಸಿ. ಒಂದನೆಯ ಪಿಸ್ಟನ್ ಜೊತೆಗೇ ಆರನೆಯದು ಏರಿಳಿಯುತ್ತದೆ, ಎರಡರ ಜೊತೆ ಐದು, ಮೂರರ ಜೊತೆ ನಾಲ್ಕು. ಮುಂದಿನ ಮೂರರ ಎಳೆತವನ್ನು ಹಿಂದಿನ ಮೂರು ನುಂಗಿಕೊಳ್ಳುತ್ತವೆ. ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ ಮೇಲೆ ಅಂಗೈ ಇಟ್ಟರೆ ಆ ಸಮಾಧಾನ ಕೈಗೇ ಗೊತ್ತಾಗುತ್ತದೆ. ಅದನ್ನು ಕಿತ್ತು ಹೊರಗಿಡಲು ನನಗೆ ಮನಸ್ಸಿಲ್ಲ.

ಹಾಗಂತ ಸುಮ್ಮನೆ ಬಿಟ್ಟಿಲ್ಲ. ಮೊದಲು ಕಿಡಿ ಹೊತ್ತಿಸಲು ಕರೆಂಟ್ ಕಡಿಯುವ ಸಿ.ಬಿ. ಪಾಯಿಂಟ್ ತೆಗೆದು, ಇದೇ ಸಾಲಿನ ಮುಂದಿನ ಕಾರು 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದೆ. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಂದು: ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.20 ಮಿ.ಮೀ., ಎಕ್ಸಾಸ್ಟ್ 0.25. ಸಂದು ಅಳೆಯುವ ಫೀಲರ್ ಗೇಜ್ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು ಅಂತ ನೀನು ಹೇಳಿಕೊಟ್ಟದ್ದು ಇವತ್ತಿಗೂ ಬೆರಳಲ್ಲಿದೆ.

ನಿಜವಾದ ಬದಲಾವಣೆ ಕಂಡದ್ದು ಕಾರ್ಬೊರೇಟರ್‌ನಲ್ಲಿ. ಎರಡಿವೆ, ಒಂದೊಂದು ಮೂರು ಸಿಲಿಂಡರ್‌ಗೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ ಹಿಡಿದೆ. ಮುಂದಿನದು ಜೋರಾಗಿ ಬುಸುಗುಡುತ್ತಿತ್ತು, ಹಿಂದಿನದು ಪಿಸುಗುಡುತ್ತಿತ್ತು. ಸ್ಕ್ರೂ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಅರ್ಧ ಗಂಟೆಯಾದ ಮೇಲೆ ಎರಡೂ ಒಂದೇ ಶ್ರುತಿಗೆ ಬಂದವು. ಅದೇ ಎಂಜಿನ್, ಅದೇ ಸಿಸಿ. ಆದರೂ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಈಗ ತಡವರಿಸುವುದಿಲ್ಲ, ಎಳೆಯುತ್ತದೆ. ಅವತ್ತು ನೀನು ಪಕ್ಕದ ಸೀಟಿನಲ್ಲಿ ಇರಬೇಕಿತ್ತು.

ಬ್ರೇಕಿಗೆ ಹಳೇ ಟೊಯೊಟಾ ಪಿಕಪ್ ಟ್ರಕ್ಕಿನ ನಾಲ್ಕು ಪಿಸ್ಟನ್ ಕ್ಯಾಲಿಪರ್ ತಂದಿಟ್ಟಿದ್ದೇನೆ, ಮುಂದಿನ ಚಕ್ರಗಳಿಗೆ. ಅದು ಮುಗಿಯದೆ ಎಂಜಿನ್ ಶಕ್ತಿ ಹೆಚ್ಚಿಸಲಾರೆ. ಒಂದು ಟನ್ ತೂಗುವ ಗಾಡಿ, ನಿಲ್ಲಬೇಕಲ್ಲ.

ಆಮೇಲಿನದು ಇದೇ ಜಾತಿಯ ದೊಡ್ಡ ಎಂಜಿನ್ ಎಲ್28ರ ಬ್ಲಾಕ್. ಬೋರ್ 86, ಸ್ಟ್ರೋಕ್ 79 ಮಿ.ಮೀ., ಒಟ್ಟು 2753 ಸಿಸಿ. ಈಗಿನ ಜಾಗದಲ್ಲೇ ಕೂರುತ್ತದೆ. ನನ್ನ ಹಳೇ ಹೆಡ್ಡನ್ನೇ ಅದರ ಮೇಲೆ ಹಾಕಿದರೆ ಕಂಪ್ರೆಶನ್ ಏರುತ್ತದೆ. ಇಲ್ಲಿನ ಬಂಕುಗಳಲ್ಲಿ ಪ್ರೀಮಿಯಂ ಅಂದರೂ ಸಾಮಾನ್ಯವಾಗಿ 91 ಆಕ್ಟೇನ್. ಆ ಒತ್ತಡಕ್ಕೆ ಅದು ಸಾಲದೆ, ಬೇಸಿಗೆಯಲ್ಲಿ ಏರು ರಸ್ತೆಗೆ ಹಿಡಿದರೆ ಪೆಟ್ರೋಲ್ ತಾನಾಗೇ ಸಿಡಿದು ನಾಕಿಂಗ್ ಬಂದೀತು ಎಂಬ ಹೆದರಿಕೆ. ಕಿಡಿಯ ಟೈಮಿಂಗ್ ಸ್ವಲ್ಪ ಹಿಂದಕ್ಕಿಟ್ಟರೆ ಸಾಕೋ, ಇಲ್ಲಾ ಹೆಡ್ಡಿನ ಚೇಂಬರನ್ನೇ ಸ್ವಲ್ಪ ಕೊರೆಸಬೇಕೋ, ಯೋಚಿಸಿ ಹೇಳು.

ಇನ್ನೊಂದು ವಿಷಯ. ವಾಲ್ವ್ ತೆರೆಸುವ ಕ್ಯಾಮ್ ಮೇಲೆ ಎಣ್ಣೆ ಚಿಮ್ಮಿಸುವ ಪೈಪಿನ ಜೋಡಣೆ ಸಡಿಲವಾಗಿತ್ತು. ಮೂರನೇ ಸಿಲಿಂಡರಿನ ಲೋಬಿನಲ್ಲಿ, ಅಂದರೆ ಕ್ಯಾಮಿನ ಉಬ್ಬಿನಲ್ಲಿ, ಉಗುರಿಗೆ ತಗಲುವಷ್ಟು ಗೀರು ಬಿದ್ದಿದೆ. ಕ್ಯಾಮ್, ರಾಕರ್ ಎರಡನ್ನೂ ಬದಲಾಯಿಸಿದೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಹಳೇ ಕ್ಯಾಮನ್ನು ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ನಿನ್ನ ಗ್ಯಾರೇಜಿನ ಬೆಳಕಲ್ಲಿ ಹಿಡಿದು ನೋಡೋಣ.

ನಿನ್ನ ಗೆಳೆಯ