ವೈವಾ ಮುಗೀತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್‌ಡಿ ವೈವಾ (ಪ್ರಬಂಧದ ಮೇಲಿನ ಮೌಖಿಕ ಪರೀಕ್ಷೆ) ಮುಗಿಯಿತು. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿದೆ. ಫೋನ್ ಮಾಡಿದವರ ಜೊತೆ ಆ ಗಡಿಬಿಡಿಯಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಬೇಜಾರು ಮಾಡ್ಕೋಬೇಡಿ. ಪ್ರಬಂಧದ ಮೊದಲ ಪುಟದಲ್ಲಿ ಹೇಳಬೇಕಾದ ದೊಡ್ಡವರಿಗೆಲ್ಲ ಧನ್ಯವಾದ ಹೇಳಿದ್ದೇನೆ. ಅಲ್ಲಿ ಜಾಗ ಸಿಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ರಾಜ್ಯ ಸರ್ಕಾರ ತಾನೇ ಮುಂದೆ ನಿಂತು ಹೈಸ್ಪೀಡ್ ರೈಲು ಮಾಡಲು ಹೊರಟರೆ ದುಡ್ಡು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ? ಇದೇ ನನ್ನ ವಿಷಯ. ಓದಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೋಜನೆಯನ್ನು. "ಹಾಸನದಲ್ಲಿ ಕೂತ್ಕೊಂಡು ಅಲ್ಲಿನ ರೈಲಿಗೆ ನೀನ್ಯಾಕಮ್ಮ ತಲೆ ಕೆಡಿಸ್ಕೊಳ್ತೀಯ?" ಅಂತ ಕೇಳದವರೇ ಇಲ್ಲ. ಬೆಂಗಳೂರಿಗೆ ನೇರ ಮಾರ್ಗ 1996–97ರಲ್ಲಿ ಮಂಜೂರಾಗಿ, 2017ರ ಮಾರ್ಚ್‌ನಲ್ಲಿ ಪೂರ್ತಿ ತೆರೆದುಕೊಂಡ ಊರು ನಮ್ಮದು. ಅಲ್ಲಿವರೆಗೆ ಅರಸೀಕೆರೆ ಸುತ್ತಿ ಹೋದವರು ನಾವು. ರೈಲು ಯಾಕೆ ತಡ ಆಗುತ್ತೆ ಅಂತ ಕೇಳೋಕೆ ನಮಗಿಂತ ಬೇರೆಯವರು ಬೇಕಾ?

ಮೊದಲ ನಮಸ್ಕಾರ ಚನ್ನರಾಯಪಟ್ಟಣದ ನಿವೃತ್ತ ಸರ್ವೆಯರ್ ಅಜ್ಜನಿಗೆ. ಜಗಲಿ ಮೇಲೆ ಹಳೆಯ ಗ್ರಾಮ ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ತೆಂಗಿನಕಾಯಿ ಇಟ್ಟು, ಹಳಿ ಹೋದ ದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆದು ತೋರಿಸಿದರು. ಒಂದು ಸರ್ವೆ ನಂಬರ್ ಎರಡು ತುಂಡಾಗುತ್ತದೆ. ಆ ಕಡೆ ಬಾವಿ, ಈ ಕಡೆ ಗದ್ದೆ. ನಡುವೆ ಉಳಿಯುವ ಮೂರು ಮೂಲೆಯ ಚೂರಿನಲ್ಲಿ ಟ್ರ್ಯಾಕ್ಟರ್ ತಿರುಗಿಸೋಕೂ ಜಾಗ ಇರಲ್ಲ. ಪಹಣಿಯಲ್ಲಿ ಸತ್ತುಹೋದ ಮುತ್ತಜ್ಜನ ಹೆಸರು, ಪೋಡಿ (ಪಾಲಿನ ಪ್ರಕಾರ ಜಮೀನು ಅಳೆದು ಬೇರೆ ಮಾಡುವುದು) ಆಗಿಲ್ಲ, ಅಣ್ಣತಮ್ಮಂದಿರು ಮಾತಾಡಲ್ಲ. "ಪರಿಹಾರದ ಚೆಕ್ಕು ಯಾರ ಕೈಗೆ ಕೊಡ್ತೀಯ, ಹೇಳು" ಅಂದರು.

ಅದನ್ನು ಕೇಳಿಸಿಕೊಂಡು ಬಂದ ಮೇಲೇ ಕ್ಯಾಲಿಫೋರ್ನಿಯಾ ಲೆಕ್ಕ ಪರಿಶೋಧಕರ 2018ರ ವರದಿ ನನಗೆ ನಿಜವಾಗಿ ಅರ್ಥವಾಗಿದ್ದು. ಅಲ್ಲೂ ಜಮೀನು ಪೂರ್ತಿ ಕೈಗೆ ಬರುವ ಮೊದಲೇ ಕಾಮಗಾರಿ ಶುರು ಮಾಡಿದರು. ಯಾಕೆಂದರೆ ಅವರ ಕೇಂದ್ರ ಸರ್ಕಾರ 2009ರ ಆರ್ಥಿಕ ಉತ್ತೇಜನ ಪ್ಯಾಕೇಜಿನಲ್ಲಿ ಕೊಟ್ಟ ಹಣವನ್ನು 2017ರ ಸೆಪ್ಟೆಂಬರ್ ಒಳಗೆ ಖರ್ಚು ಮಾಡಲೇಬೇಕಿತ್ತು. ದುಡ್ಡಿಗೆ ಗಡುವು ಇತ್ತು, ಭೂಮಿಗೆ ಇರಲಿಲ್ಲ. ಗುತ್ತಿಗೆದಾರರು ಜಾಗಕ್ಕಾಗಿ ಕಾದರು, ಕಾದದ್ದಕ್ಕೂ ಬಿಲ್ ಬಂತು. ಅಲ್ಲಿನ ಬಾದಾಮಿ ತೋಟದವರದ್ದೂ ನಮ್ಮ ತೆಂಗಿನ ತೋಟದವರದ್ದೂ ಒಂದೇ ಗೋಳು. 2008ರಲ್ಲಿ ಜನರ ಮುಂದಿಟ್ಟ ಅಂದಾಜು ಸುಮಾರು 3,300 ಕೋಟಿ ಡಾಲರ್, ಮುಗಿಸುತ್ತೇವೆ ಅಂದಿದ್ದು 2020ಕ್ಕೆ. 2024ರ ಹೊತ್ತಿಗೆ ಅಂದಾಜು 10,000 ಕೋಟಿ ಡಾಲರ್ ದಾಟಿತ್ತು. ಬೆಲೆ ಏರಿಕೆಯೊಂದನ್ನೇ ದೂರಿದರೆ ಆಗಲ್ಲ ಅನ್ನೋ ಮಾತನ್ನು ನಾನು ವೈವಾದಲ್ಲಿ ಧೈರ್ಯವಾಗಿ ಹೇಳಿದ್ದು ಅಜ್ಜನ ಬಲದಿಂದ.

ಮೂಡಿಗೆರೆಯ ಚಿಕ್ಕಮ್ಮನ ಋಣ ಇನ್ನೂ ದೊಡ್ಡದು. ಚಿಕ್ಕಪ್ಪ ಹೋದ ಮೇಲೆ ಕಾಫಿ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ರಜೆಯಲ್ಲಿ ಅವರ ಮನೆಯಲ್ಲೇ ಕೂತು ಹಣಕಾಸಿನ ಅಧ್ಯಾಯ ಬರೆದೆ. 2008ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ 995 ಕೋಟಿ ಡಾಲರ್ ಬಾಂಡ್‌ಗೆ, ಅಂದರೆ ಸರ್ಕಾರ ಪತ್ರ ಮಾರಿ ಎತ್ತುವ ಸಾಲಕ್ಕೆ, ಒಪ್ಪಿದರು. ಅದಕ್ಕೆ ಷರತ್ತುಗಳ ಸರಮಾಲೆ. ಯಾವ ಭಾಗದ ನಿರ್ಮಾಣಕ್ಕೂ ಅರ್ಧಕ್ಕಿಂತ ಜಾಸ್ತಿ ಬಾಂಡ್ ಹಣ ಹಾಕುವಂತಿಲ್ಲ. ರೈಲು ಓಡಿಸೋಕೆ ಸಬ್ಸಿಡಿ ಕೊಡುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ 2 ಗಂಟೆ 40 ನಿಮಿಷದಲ್ಲಿ ಹೋಗುವಂತಿರಬೇಕು. ಆಮೇಲೆ, ಕಾರ್ಖಾನೆಗಳು ಹೊಗೆ ಬಿಡೋಕೆ ಬೇಕಾದ ಪರವಾನಗಿಗಳನ್ನು ಹರಾಜು ಹಾಕಿ ಬಂದ ಹಣದಲ್ಲಿ ಕಾಲು ಭಾಗವನ್ನು ಈ ಯೋಜನೆಗೆ ಮೀಸಲಿಟ್ಟರು. ಮೂರು ತಿಂಗಳಿಗೊಮ್ಮೆ ಹರಾಜು. 2016ರ ಮೇ ತಿಂಗಳಲ್ಲಿ ಕೊಳ್ಳುವವರು ತೀರಾ ಕಡಿಮೆಯಾಗಿ ಅದು ನೆಲ ಕಚ್ಚಿತು.

ಇದನ್ನೆಲ್ಲ ಚಿಕ್ಕಮ್ಮನಿಗೆ ಅಕ್ಕಿರೊಟ್ಟಿ ತಿನ್ನುತ್ತಾ ವಿವರಿಸಿದೆ. ಅವರು ಕಾವಲಿಯಿಂದ ಕಣ್ಣು ತೆಗೆಯದೆ ಹೇಳಿದರು: "ಕೊಯ್ಲಿನ ಕೂಲಿ ಕೊಡೋಕೆ ನಂಗೆ ಡಿಸೆಂಬರ್‌ನಲ್ಲಿ ದುಡ್ಡು ಬೇಕು ಕಣೆ. ಜೂನ್‌ನಲ್ಲಿ ಎರಡರಷ್ಟು ತಂದುಕೊಟ್ರೂ ಹಣ್ಣು ಉದುರಿ ಹೋಗಿರುತ್ತೆ." ನನ್ನ ಇಡೀ ನಾಲ್ಕನೇ ಅಧ್ಯಾಯ ಆ ಮಾತಿನ ವಿಸ್ತರಣೆ. ಅಡಿಟಿಪ್ಪಣಿಯಲ್ಲಿ ಚಿಕ್ಕಮ್ಮನ ಹೆಸರು ಹಾಕೋಕೆ ನಿಯಮ ಬಿಡಲಿಲ್ಲ, ಅಷ್ಟೇ.

ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಪಕ್ಕದ ಮನೆ ಅಂಕಲ್‌ಗೂ ಥ್ಯಾಂಕ್ಸ್. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನ್ ಕೊಟ್ಟ ಸಾಲದ ಬಡ್ಡಿ ಶೇ 0.1, ತೀರಿಸಲು 50 ವರ್ಷ, ಮೊದಲ 15 ವರ್ಷ ಅಸಲು ಕಟ್ಟಬೇಕಾಗಿಲ್ಲ ಅಂದಾಗ ಕನ್ನಡಕ ತೆಗೆದು ಒರೆಸಿ, ಕಾಗದ ಇಸಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಯೆನ್ ಬೆಲೆ ಏರಿಳಿತದ ಬಗ್ಗೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋಗಿದ್ದೆ. ವೈವಾದಲ್ಲೂ ಅದನ್ನೇ ಕೇಳಿದರು!

ಕಷ್ಟದ ದಿನ ಅಂದರೆ ಕಳೆದ ವರ್ಷದ್ದು. ಎಲ್ಲ ಮುಗೀತು, ಬೈಂಡಿಂಗ್‌ಗೆ ಕೊಡೋಣ ಅನ್ನುವಾಗ 2025ರ ಜುಲೈನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಈ ಯೋಜನೆಯ ಸುಮಾರು 400 ಕೋಟಿ ಡಾಲರ್ ಅನುದಾನವನ್ನು ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ರಾಜ್ಯದವರು 2045ರವರೆಗೆ ವರ್ಷಕ್ಕೆ 100 ಕೋಟಿ ಡಾಲರ್ ಖಾತ್ರಿ ಮಾಡಿದರು. ಅವರಿಗೇನೋ ಒಳ್ಳೆಯ ಸುದ್ದಿ. ನನಗೆ ಎರಡು ಅಧ್ಯಾಯ ಮತ್ತೆ ಬರೆಯುವ ಕೆಲಸ. ಆಗ ಅತಿಥಿ ಉಪನ್ಯಾಸಕಿಯ ಗೌರವಧನವೂ ನಿಂತಿತ್ತು. ಬಿಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ನನ್ನ ಗೈಡ್ ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಿನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಕೂತು ಬರಿ" ಅಂದರು. ಕಾಲೇಜ್ ಎದುರಿನ ಜೆರಾಕ್ಸ್ ಅಂಗಡಿಯ ಅಣ್ಣ ಪ್ರತಿ ಸಲ "ಆಮೇಲೆ ಕೊಡಿ ಮೇಡಂ" ಅಂತ ಸಾಲದ ಪುಸ್ತಕದಲ್ಲಿ ಬರೆದುಕೊಂಡರು. ಅಣ್ಣ, ಈ ತಿಂಗಳು ಚುಕ್ತಾ ಮಾಡ್ತೀನಿ. ಮಗಳ ಹೋಂವರ್ಕ್, ರಾತ್ರಿ ಅಡುಗೆ ಎರಡನ್ನೂ ಹೊತ್ತ ನಮ್ಮ ಯಜಮಾನರಿಗೆ ಬೇರೆ ಹೇಳಲ್ಲ, ಅವರಿಗೆ ಗೊತ್ತು.

ಪ್ರಬಂಧದ ಒಂದು ಪ್ರತಿ ನಮ್ಮ ಮನೆಯಲ್ಲಿದೆ, ಓದಬೇಕು ಅನ್ನಿಸಿದವರು ಬನ್ನಿ. ಮುಂದೆ ಚಿಕ್ಕಮಗಳೂರು–ಬೇಲೂರು–ಹಾಸನ ಮಾರ್ಗದ ಬಗ್ಗೆ ಕೆಲಸ ಮಾಡಬೇಕು ಅಂತಿದ್ದೇನೆ. ಆ ದಾರಿಗೆ ಜಮೀನು ಬಿಟ್ಟುಕೊಟ್ಟವರು ನಿಮ್ಮ ಪರಿಚಯದಲ್ಲಿದ್ದರೆ ತಿಳಿಸಿ. ನೋಟಿಸ್ ಬಂದ ದಿನ, ದುಡ್ಡು ಬಂದ ದಿನ, ಎರಡೂ ಇರುವ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು.