ಯುಗಾದಿಯಿಂದ ಎಂಟು ವಾರ ತುಂಬದ ಮರಿ ನಮ್ಮ ಬಾಗಿಲು ದಾಟುವುದಿಲ್ಲ

ಪ್ರಿಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಮುಧೋಳ ನಾಯಿಮರಿಗೆ ಮುಂಗಡ ಕೊಟ್ಟು ಕಾಯುತ್ತಿರುವವರಿಗೆ, ಈಗಾಗಲೇ ಒಯ್ದು ಸಾಕಿಕೊಂಡವರಿಗೆ, ಊರಿಗೆ ಹೋಗುವಾಗ ನಾಯಿಯನ್ನು ನಮ್ಮಲ್ಲಿ ಬಿಟ್ಟು ಹೋಗುವವರಿಗೆ, ಎಲ್ಲರಿಗೂ ಈ ಪತ್ರ. ಬರುವ ಯುಗಾದಿಯಿಂದ ನಮ್ಮ ಕೆನಲ್‌ನಲ್ಲಿ ಮರಿ ಕೊಡುವ ಕ್ರಮ ಬದಲಾಗುತ್ತದೆ. ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಯಾರಿಗೂ ಕೊಡುವುದಿಲ್ಲ. ಎಷ್ಟೇ ಹಳೆಯ ಪರಿಚಯವಿರಲಿ, ಮಗುವಿನ ಹುಟ್ಟುಹಬ್ಬ ಎದುರಿಗಿರಲಿ, ಕೊಡುವುದಿಲ್ಲ.

ಇದುವರೆಗೆ ನಲವತ್ತು ದಿನಕ್ಕೇ ಕೊಡುತ್ತಿದ್ದೆವು. ನಮ್ಮ ತಂದೆಯವರು ಮುಧೋಳದಿಂದ ಬುಟ್ಟಿಯಲ್ಲಿ ಮರಿಯಿಟ್ಟುಕೊಂಡು, ನಿಪ್ಪಾಣಿ, ಕೊಲ್ಲಾಪುರ, ಸಾತಾರಾ ದಾಟಿ ರಾತ್ರಿ ಬಸ್ಸಿನಲ್ಲಿ ಪುಣೆಗೆ ತರುತ್ತಿದ್ದರು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಮರಿ ನೆಕ್ಕಲು ಕಲಿತರೆ ತಾಯಿಯ ಕೆಲಸ ಮುಗಿಯಿತು ಎಂಬುದು ಅವರ ಕಾಲದ ಲೆಕ್ಕ. ಅದೇ ಲೆಕ್ಕವನ್ನು ನಾವೂ ಹಿಡಿದುಕೊಂಡು ಬಂದೆವು. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲೇ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳಲ್ಲಿ ಹೇಳಿದೆ. ಆ ನಿಯಮ ಗೊತ್ತಿರಲಿಲ್ಲ ಎಂದು ಹೇಳಲಾರೆವು. ಗೊತ್ತಿತ್ತು. ಗ್ರಾಹಕರು ಅವಸರಪಡುತ್ತಾರೆಂದು ಕಣ್ಣು ಮುಚ್ಚಿಕೊಂಡಿದ್ದೆವು. ತಪ್ಪು ನಮ್ಮದು.

ಹೋದ ಮಳೆಗಾಲದಲ್ಲಿ ಹಡಪ್ಸರದ ಒಂದು ಮನೆಗೆ 38 ದಿನದ ಮರಿಯೊಂದನ್ನು ಕೊಟ್ಟೆವು. ಹೊಸ ಜಾಗದಲ್ಲಿ ಅಳಬಾರದೆಂದು, ತಾಯಿಯ ಮೈಗೆ ಒರೆಸಿದ ಹಳೆಯ ಟವೆಲ್ ಒಂದನ್ನು ಜೊತೆಗೆ ಕಟ್ಟಿದೆವು. ಆರನೆಯ ದಿನ ವಾಂತಿ, ಮರುದಿನ ರಕ್ತಭೇದಿ. ಪಾರ್ವೋ ಎಂದರು ವೈದ್ಯರು, ಮರಿಗಳ ಕರುಳಿಗೆ ತಗಲುವ ವೈರಸ್ ರೋಗ. ಮೂರು ದಿನ ಡ್ರಿಪ್ ಹಾಕಿದರೂ ಉಳಿಯಲಿಲ್ಲ. ಆ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಟವೆಲನ್ನು ಒಗೆದು, ಮಡಿಸಿ, ತಾವೇ ಬಂದು ಕೊಟ್ಟು ಹೋದರು. ಪಾರ್ವೋ ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರದ ಹೊತ್ತಿಗೆ. ನಾವು ಲಸಿಕೆಗೂ ಮುಂಚೆ ಮರಿಯನ್ನು ಹೊರಗೆ ಕಳಿಸಿದ್ದೆವು.

ಆ ಮರಿಯ ಜೊತೆ ಹುಟ್ಟಿದ ಇನ್ನೆರಡು ಮರಿಗಳನ್ನು ಅದಾದ ಮೇಲೆ ಕೊಡಲು ಮನಸ್ಸಾಗದೆ ಎಂಟು ವಾರದವರೆಗೆ ಇಟ್ಟುಕೊಂಡು ಕೂತು ನೋಡಿದೆವು. ಮರಿಗಳಿಗೆ ಆಗ ಸೂಜಿಯಂಥ ಹಾಲುಹಲ್ಲು. ಒಂದು ಮರಿ ಇನ್ನೊಂದರ ಕಿವಿ ಜಗ್ಗುತ್ತದೆ, ಅದು ಕುಯ್ಯೆಂದು ಆಟ ಬಿಟ್ಟು ಹೋಗುತ್ತದೆ. ಕಚ್ಚಿದ ಮರಿ ಒಂಟಿಯಾಗಿ ಕೂತು ಬಾಲ ಆಡಿಸುತ್ತದೆ, ಮತ್ತೆ ಹೋಗಿ ಈ ಸಲ ಮೆಲ್ಲಗೆ ಹಿಡಿಯುತ್ತದೆ. ಮೊಲೆಗೆ ಹಲ್ಲು ತಾಗಿಸಿದ ಮರಿಯ ಮೂತಿಯನ್ನು ತಾಯಿ ತನ್ನ ಬಾಯಿಂದ ಒಂದು ಕ್ಷಣ ಅದುಮಿ ಹಿಡಿದು ಬಿಡುತ್ತದೆ. ಗಾಯವಿಲ್ಲ, ಆದರೆ ಮರಿಗೆ ಪಾಠ ತಿಳಿಯುತ್ತದೆ. ನಲವತ್ತನೆಯ ದಿನಕ್ಕೆ ಒಯ್ದವರು ಆರು ತಿಂಗಳಾದ ಮೇಲೆ ನಮ್ಮಲ್ಲಿಗೆ ಬಂದು ‘ಆಟಕ್ಕೆ ಕಚ್ಚಿದರೂ ರಕ್ತ ಬರುತ್ತದೆ’ ಎಂದು ದೂರುತ್ತಿದ್ದರು. ಆ ಪಾಠವನ್ನು ಮನುಷ್ಯರು ಕಲಿಸುವುದು ಬಲು ಕಷ್ಟ. ಅಷ್ಟು ವರ್ಷ ನಾವೇ ಅದನ್ನು ತಪ್ಪಿಸಿದ್ದೆವು.

ಬದಲಾವಣೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, ಎಂಟು ವರ್ಷ ದಾಟಿದ ಮೇಲೆ ಬೇಡವೇ ಬೇಡ ಎಂದು ಅದೇ ನಿಯಮಗಳು ಹೇಳುತ್ತವೆ. ನಮ್ಮ ನಾಲ್ಕು ತಾಯಿ ನಾಯಿಗಳಲ್ಲಿ ಎರಡಕ್ಕೆ ಎಂಟಾಗಿದೆ. ಅವು ಇನ್ನು ಮುಂದೆ ನಮ್ಮ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡು ಇರುತ್ತವೆ. ಹೀಗಾಗಿ ಮರಿಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ನೀವು ಕಾಯುವುದು ಹೆಚ್ಚಾಗುತ್ತದೆ. ಎರಡು ವಾರ ಹೆಚ್ಚಿನ ಆಹಾರ, ಲಸಿಕೆ, ಮೈಕ್ರೋಚಿಪ್ ಸೇರಿ ಮರಿಯ ಬೆಲೆಯೂ 2,000 ರೂಪಾಯಿ ಏರುತ್ತದೆ. ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು, ಭುಜಗಳ ನಡುವೆ ಚರ್ಮದಡಿ ಹಾಕುತ್ತಾರೆ. ನಾಯಿ ಕಳೆದುಹೋದರೆ, ಯಂತ್ರ ಹಿಡಿದಾಗ ಚಿಪ್ಪಿನ ಸಂಖ್ಯೆ ಕಾಣುತ್ತದೆ, ಆ ಸಂಖ್ಯೆಯ ದಾಖಲೆಯಿಂದ ನಾಯಿ ಯಾರದೆಂದು ತಿಳಿಯುತ್ತದೆ.

ಕಾಗದಪತ್ರಗಳ ಬಗ್ಗೆ ಒಂದು ಮಾತು. ತಳಿ ನಾಯಿಗಳನ್ನು ನೋಂದಾಯಿಸುವ ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ನಮ್ಮ ತಳಿಯ ಹೆಸರು ಕ್ಯಾರವಾನ್ ಹೌಂಡ್ ಎಂದಿದೆ. ಮೋಸ ಹೋದೆವೆಂದು ಗಾಬರಿಯಾಗಬೇಡಿ. ಇದು ರನ್ನನ ಊರಿನ, ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ ನಾಯಿಯೇ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದೂ ಇದೇ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಚಳಿಗಾಲದಲ್ಲಿ ಪುಣೆಯಲ್ಲಿ ಶ್ವಾನ ಪ್ರದರ್ಶನ ನಡೆದಾಗ, ಕಾಗದವಿರುವ ನಾಯಿಗಳನ್ನು ದಯವಿಟ್ಟು ಕರೆತನ್ನಿ. ತೀರ್ಪುಗಾರರು ಹಲ್ಲು ನೋಡುತ್ತಾರೆ, ಬೆನ್ನ ಮೇಲೆ ಕೈಯಾಡಿಸುತ್ತಾರೆ, ಸುತ್ತು ಓಡಿಸಿ ನಡೆ ನೋಡುತ್ತಾರೆ. ಬಹುಮಾನ ಬರದಿದ್ದರೂ, ಯಾವ ನಾಯಿಯನ್ನು ತಳಿಗೆ ಇಟ್ಟುಕೊಳ್ಳಬೇಕು, ಯಾವುದು ಬೇಡ ಎಂಬುದು ನಮಗೆ ಅಲ್ಲೇ ತಿಳಿಯುವುದು.

ಮರಿ ಕೊಡುವ ಮುಂಚೆ ನಾವು ಒಮ್ಮೆ ನಿಮ್ಮ ಮನೆಗೆ ಬರುತ್ತೇವೆ. ಅನುಮಾನದಿಂದಲ್ಲ, ಇದು ಓಡುವ ನಾಯಿ ಎಂಬ ಕಾರಣಕ್ಕೆ. ಕೋಥ್ರೂಡಿನ ಎರಡು ಕೋಣೆಯ ಫ್ಲಾಟಿನಲ್ಲೂ ಚೆನ್ನಾಗಿರುತ್ತದೆ, ಆದರೆ ಬೆಳಗ್ಗೆ ಸಂಜೆ ಓಡಿಸುವವರು ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲೇ ಈ ಮಾತಿದೆ: ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಕ್ರೌರ್ಯ. ಬಾಲ್ಕನಿಯಲ್ಲಿ ಸರಪಳಿ ಹಾಕಿ ಇಡುವವರಿಗೆ ನಾವು ಮರಿ ಕೊಡುವುದಿಲ್ಲ. ಮೊಲ ಹಿಡಿಸಲು ಕೇಳುವವರಿಗೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಈಗ ಆ ಆಟಕ್ಕೆ ಅವಕಾಶವಿಲ್ಲ. ಬೀದಿಯಲ್ಲಿ ಬೆಲ್ಟ್ ಬಿಡಬೇಡಿ. ಬೆಕ್ಕು ಓಡಿದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದಿಲ್ಲ. ನಿಮ್ಮ ಅಜಾಗ್ರತೆಯಿಂದ ನಾಯಿ ಯಾರಿಗಾದರೂ ಅಪಾಯ ಮಾಡುವಂತಾದರೆ, ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹೌಸಿಂಗ್ ಸೊಸೈಟಿಯವರು ತಕರಾರು ಮಾಡುತ್ತಾರೆ ಎಂದು ಹಲವರು ಕೇಳಿದ್ದೀರಿ. ಸಾಮಾನ್ಯ ಸಭೆಯಲ್ಲಿ ಬಹುಮತವಿದ್ದರೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಆದರೂ ಜಗಳಕ್ಕಿಂತ ಮುಂಚೆ, ನಾಯಿ ಹೊಲಸು ಮಾಡಿದ್ದನ್ನು ನೀವೇ ಎತ್ತಿ. ಪಕ್ಕೆಲುಬು ಕಂಡು ‘ಉಪವಾಸ ಕೆಡವಿದ್ದೀರಿ’ ಎನ್ನುವ ನೆರೆಯವರಿಗೆ ಈ ತಳಿಯ ಮೈಕಟ್ಟೇ ಹಾಗೆ ಎಂದು ಸಮಾಧಾನದಿಂದ ಹೇಳಿ. 2024ರ ಮಾರ್ಚಿನಲ್ಲಿ ಉಗ್ರ ನಾಯಿಗಳೆಂದು ಕೇಂದ್ರ ಹೊರಡಿಸಿದ್ದ 23 ತಳಿಗಳ ನಿಷೇಧದ ಪಟ್ಟಿಯಲ್ಲಿ ಮುಧೋಳ ಇರಲಿಲ್ಲ. ಆ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು.

ಬೋರ್ಡಿಂಗಿಗೆ ಬಿಡುವವರು ಗಮನಿಸಿ: ಯುಗಾದಿಯಿಂದ ಮಹಾನಗರಪಾಲಿಕೆಯ ಪರವಾನಗಿ ಮತ್ತು ವರ್ಷದೊಳಗಿನ ರೇಬೀಸ್ ಲಸಿಕೆಯ ಪ್ರಮಾಣಪತ್ರ ಎರಡೂ ಇಲ್ಲದೆ ನಾಯಿಯನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಪುಣೆಯವರು ಪುಣೆ ಪಾಲಿಕೆಯಲ್ಲಿ, ಪಿಂಪ್ರಿ-ಚಿಂಚ್ವಡದವರು ಅಲ್ಲಿನ ಪಾಲಿಕೆಯಲ್ಲಿ ಪರವಾನಗಿ ಪಡೆಯಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನಾಗಲಿ ನಾಯಿಯನ್ನಾಗಲಿ ಉಳಿಸುವುದು ಅಸಾಧ್ಯವೆನ್ನುವಷ್ಟು ಅಪರೂಪ. ನಮ್ಮಲ್ಲಿ ಕೆಲಸ ಮಾಡುವ ಹುಡುಗರ ಜೀವ ಇದರಲ್ಲಿದೆ.

ಮುಂಗಡ ಕೊಟ್ಟವರಲ್ಲಿ ಇಷ್ಟು ಕಾಯಲಾಗದವರು ಯುಗಾದಿಯೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸು ಕೊಡುತ್ತೇವೆ, ಬೇಸರವಿಲ್ಲ. ಕಾಯುವವರು ಮರಿಗೆ ಆರು ವಾರವಾದ ಮೇಲೆ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಂದು ನಿಮ್ಮ ಮರಿಯ ಜೊತೆ ಕೂರಬಹುದು. ಪಾರ್ವೋ ಚಪ್ಪಲಿಗೆ ಅಂಟಿಕೊಂಡೇ ಬರುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ನಲ್ಲಿಯ ಹತ್ತಿರ ಇಟ್ಟಿರುವ ಸಾಬೂನಿನಿಂದ ಕೈಕಾಲು ತೊಳೆದುಕೊಂಡು ಒಳಗೆ ಬನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ಕೆನಲ್‌ನ ಪಾಲುದಾರರು
ಪುಣೆ