ರೀಬೇಸ್ ಗುಂಡಿಯಿಂದ ಕಮಿಟ್‌ಗಳು ಎರಡೆರಡಾಗುತ್ತಿವೆ: ಕೋಡ್ ಹೋಸ್ಟಿಂಗ್ ಸಂಸ್ಥೆಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮರ್ಜ್ ಪುಟದ ರೀಬೇಸ್ ಗುಂಡಿಯಿಂದ ಒಂದೇ ಕಮಿಟ್ (ಕೋಡ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಎರಡು ಸಲ ಸೇರುತ್ತಿರುವುದು ಮತ್ತು ಅದಕ್ಕೆ ನಿಮ್ಮ ಸಿಬ್ಬಂದಿ ಕೊಟ್ಟ ಅಪಾಯಕಾರಿ ಸಲಹೆ.

ಮಾನ್ಯರೇ,

ಹುಬ್ಬಳ್ಳಿಯ ನಮ್ಮ ಸಣ್ಣ ಸಂಸ್ಥೆ ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತದೆ. ನಮ್ಮ ಕೋಡ್ ಪೂರ್ತಿ ನಿಮ್ಮ ಸರ್ವರ್‌ನಲ್ಲಿದೆ. ತಿಂಗಳು ತಿಂಗಳೂ ತಪ್ಪದೆ ಹಣ ಕಟ್ಟುತ್ತಿದ್ದೇವೆ.

ಬಡ್ಡಿ ಲೆಕ್ಕದ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲಿನಲ್ಲಿ) ನಮ್ಮ ತಂಡದವರು ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಮೊದಲ ಹಂತ ಮುಗಿದು, ಪರಿಶೀಲನೆಯೂ ಆದ ಮೇಲೆ ನಿಮ್ಮ ಪುಟದ ರೀಬೇಸ್ ಗುಂಡಿ (ಕಮಿಟ್‌ಗಳನ್ನು ಇನ್ನೊಂದು ಕವಲಿನ ತುದಿಯ ಮೇಲೆ ಕೂರಿಸುವುದು) ಒತ್ತಿ ಅದನ್ನು ಮುಖ್ಯ ಕವಲಾದ ಮೇನ್‌ಗೆ ಸೇರಿಸಿದೆವು. ಅಷ್ಟರಲ್ಲಿ ಮೇನ್‌ಗೆ ಬೇರೆ ಯಾವ ಕಮಿಟ್ಟೂ ಬಂದಿರಲಿಲ್ಲ. ಇದ್ದವುಗಳನ್ನು ಇದ್ದ ಹಾಗೆಯೇ ಫಾಸ್ಟ್ ಫಾರ್ವರ್ಡ್ ಮಾಡಿದ್ದರೆ (ಮೇನ್‌ನ ತುದಿಯನ್ನು ಮುಂದಕ್ಕೆ ಸರಿಸಿದ್ದರೆ) ಸಾಕಿತ್ತು. ನಿಮ್ಮ ವ್ಯವಸ್ಥೆ ಹಾಗೆ ಮಾಡದೆ ಪ್ರತಿಯೊಂದು ಕಮಿಟ್ಟನ್ನೂ ಹೊಸದಾಗಿ ಬರೆಯಿತು. ಕೋಡ್‌ನ ಇತಿಹಾಸ ಕಾಯುವ ತಂತ್ರಾಂಶವಾದ ಗಿಟ್‌ನಲ್ಲಿ ಕಡತಗಳ ಸ್ಥಿತಿ, ಹಿಂದಿನ ಕಮಿಟ್, ಬರೆದವರು, ಕಮಿಟ್ ಮಾಡಿದವರು, ಸಮಯ, ಸಂದೇಶ ಇಷ್ಟೂ ಸೇರಿ ಹ್ಯಾಶ್ (ಕಮಿಟ್‌ನ ಗುರುತು) ಆಗುತ್ತದೆ. ಕಮಿಟ್ ಮಾಡಿದ ಸಮಯ ಒಂದೇ ಬದಲಾದರೂ 40 ಅಕ್ಷರದ ಹ್ಯಾಶ್ ಬೇರೆಯಾಗುತ್ತದೆ, ಅದರ ನಂತರದ ಕಮಿಟ್‌ಗಳ ಹ್ಯಾಶ್‌ಗಳೂ ಬದಲಾಗುತ್ತವೆ. ಆಮೇಲೆ ಮರ್ಜ್ ಮಾಡುವಾಗ ಹಳೆಯದು, ಹೊಸದು ಒಂದೇ ಎಂದು ಗಿಟ್‌ಗೆ ತಿಳಿಯುವುದಿಲ್ಲ. ಗುಂಡಿಯ ಪಕ್ಕದಲ್ಲಿ ಇದರ ಬಗ್ಗೆ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ.

ನಮ್ಮ ಇನ್ನೊಬ್ಬ ಸಹೋದ್ಯೋಗಿಯ ಕಂಪ್ಯೂಟರ್‌ನಲ್ಲಿ ಹಳೆಯ ಹ್ಯಾಶ್‌ಗಳೇ ಇದ್ದವು. ಅವರು ಮೇನ್ ಅನ್ನು ಬ್ರಾಂಚ್‌ಗೆ ಮರ್ಜ್ ಮಾಡಿ (ಸೇರಿಸಿ) ಪುಶ್ ಮಾಡಿದಾಗ (ಸರ್ವರ್‌ಗೆ ಕಳುಹಿಸಿದಾಗ) ಒಂದೇ ಶೀರ್ಷಿಕೆಯ ಕಮಿಟ್‌ಗಳು ಜೋಡಿ ಜೋಡಿಯಾಗಿ ಕಾಣಿಸಿದವು. ಮೊದಲ ಹಂತದ ಸಾಲುಗಳನ್ನು ಅವರು ಮುಂದೆ ತಿದ್ದಿದ್ದ ಕಡೆಯಲ್ಲೆಲ್ಲ ಕಾನ್‌ಫ್ಲಿಕ್ಟ್ (ಬದಲಾವಣೆಗಳ ನಡುವೆ ಘರ್ಷಣೆ) ಬಂತು. ಒಮ್ಮೆ ಒಪ್ಪಿಗೆಯಾದ ಕೆಲಸ ಮತ್ತೆ ಪರಿಶೀಲನೆಗೆ ಬಂತು. ಕಮಿಟ್ ಶೀರ್ಷಿಕೆಗಳಿಂದಲೇ ತಯಾರಾಗುವ ನಮ್ಮ ಬಿಡುಗಡೆ ಟಿಪ್ಪಣಿಯಲ್ಲಿ ಒಂದೇ ತಿದ್ದುಪಡಿ ಎರಡು ಸಲ ಅಚ್ಚಾಯಿತು. ಬಡ್ಡಿಯ ಪೈಸೆ ಪೂರ್ಣಾಂಕ ಮಾಡುವ ಕ್ರಮವನ್ನು ಒಂದೇ ಆವೃತ್ತಿಯಲ್ಲಿ ಎರಡು ಬಾರಿ ಏಕೆ ಬದಲಿಸಿದಿರಿ ಎಂದು ಸಂಘವೊಂದರ ಲೆಕ್ಕಪರಿಶೋಧಕರು ಲಿಖಿತವಾಗಿ ಕೇಳಿದ್ದಾರೆ. ಜನರ ಠೇವಣಿಯ ವಿಚಾರ ಇದು. ಅವರು ಕೇಳುವುದು ನ್ಯಾಯವೇ.

ನಿಮ್ಮ ಸಹಾಯವಾಣಿಗೆ ಬರೆದರೆ ಬಂದ ಉತ್ತರ: "ಫೋರ್ಸ್ ಪುಶ್ ಮಾಡಿ, ಸರಿಹೋಗುತ್ತದೆ." ಹಲವರು ಕೆಲಸ ಮಾಡುವ ಬ್ರಾಂಚ್ ಎಂದು ನಾವು ಮೊದಲೇ ತಿಳಿಸಿದ್ದೆವು. ಫೋರ್ಸ್ ಪುಶ್ ಎಂದರೆ ಸರ್ವರ್‌ನ ಬ್ರಾಂಚ್‌ನಲ್ಲಿ ಇದ್ದದ್ದನ್ನು ಬದಿಗೊತ್ತಿ ನಮ್ಮ ಪ್ರತಿಯನ್ನು ಕೂರಿಸುವುದು. ಅವರು ಹೇಳಿದಂತೆಯೇ ಮಾಡಿದೆವು. ಆ ನಡುವೆ ತಂಡದ ಮತ್ತೊಬ್ಬರು ಪುಶ್ ಮಾಡಿದ್ದ ಕಮಿಟ್‌ಗಳು ಬ್ರಾಂಚ್‌ನಿಂದ ಹೊರಟುಹೋದವು. ಹಿಂದಿನ ತುದಿಯ ಹ್ಯಾಶ್ ಆದರೂ ಹುಡುಕಿಕೊಡಿ ಎಂದರೆ ಸರ್ವರ್‌ನಲ್ಲಿ ರೆಫ್‌ಲಾಗ್ (ಬ್ರಾಂಚ್‌ನ ತುದಿ ಎಲ್ಲೆಲ್ಲಿತ್ತು ಎಂಬ ದಾಖಲೆ) ಇಟ್ಟಿಲ್ಲ ಎಂದರು. ಬೇರ್ ರೆಪಾಸಿಟರಿಯಲ್ಲಿ (ಸರ್ವರ್‌ನಲ್ಲಿ ಇಡುವ, ಇತಿಹಾಸ ಮಾತ್ರ ಇರುವ ಸಂಗ್ರಹದಲ್ಲಿ) ಗಿಟ್ ಅದನ್ನು ತಾನಾಗಿ ಇಡುವುದಿಲ್ಲ, ನಿಜ. ಆದರೆ ಚಾಲೂ ಮಾಡಲು ಒಂದು ಸೆಟ್ಟಿಂಗ್ ಸಾಕು. ಹಣ ಪಡೆದು ಕೋಡ್ ಕಾಯುವವರು ಅಷ್ಟನ್ನೂ ಮಾಡಬಾರದೆ? ಆ ಕಮಿಟ್‌ಗಳನ್ನು ಪುಶ್ ಮಾಡಿದ್ದ ನಮ್ಮ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಇತ್ತು, ಕೆಲಸ ಉಳಿಯಿತು.

ಕೊನೆಗೆ ದಾರಿ ಕಂಡುಕೊಂಡವರು ನಮ್ಮ ತಂಡದವರೇ. ಮರ್ಜ್‌ಗೆ ಮುಂಚಿನ ಸ್ಥಿತಿಗೆ ಹಿಂತಿರುಗಿ, ಯಾವ ಕಮಿಟ್‌ನ ಬದಲಾವಣೆ ಈಗಾಗಲೇ ಮೇನ್‌ನಲ್ಲಿದೆ ಎಂದು 'ಗಿಟ್ ಚೆರಿ'ಯಿಂದ ನೋಡಿ, ಉಳಿದವುಗಳನ್ನು ಮಾತ್ರ 'ರೀಬೇಸ್ ಆಂಟು' ಮೂಲಕ ಮೇನ್‌ನ ಮೇಲೆ ಕೂರಿಸಿದರು. 'ರೇಂಜ್ ಡಿಫ್'ನಲ್ಲಿ ತಾಳೆ ನೋಡಿದ ಮೇಲೆ 'ಫೋರ್ಸ್ ವಿತ್ ಲೀಸ್' ಬಳಸಿ ಪುಶ್ ಮಾಡಿದರು. ನಾವು ಕೊನೆಗೆ ನೋಡಿದ ನಂತರ ಬೇರೆಯವರು ಸರ್ವರ್‌ಗೆ ಏನಾದರೂ ಸೇರಿಸಿದ್ದರೆ ಇದು ಪುಶ್ ಅನ್ನು ತಡೆಯುತ್ತದೆ. 2013ರಿಂದಲೇ ಗಿಟ್‌ನಲ್ಲಿರುವ ಈ ಆಯ್ಕೆಯನ್ನು ನಿಮ್ಮ ಸಿಬ್ಬಂದಿ ಹೇಳಲೇ ಇಲ್ಲವೆಂಬುದು ನನಗೆ ಗುಂಡಿಯ ದೋಷಕ್ಕಿಂತ ಹೆಚ್ಚು ನೋವು ತಂದಿದೆ.

ಫಾಸ್ಟ್ ಫಾರ್ವರ್ಡ್ ಸಾಧ್ಯವಿರುವ ಕಡೆ ಹ್ಯಾಶ್ ಬದಲಿಸದೆ ಸೇರಿಸುವ ಆಯ್ಕೆ ಕೊಡಿ. ಬದಲಾಗುವುದಿದ್ದರೆ ಗುಂಡಿ ಒತ್ತುವ ಮುಂಚೆಯೇ ತಿಳಿಸಿ. ಸರ್ವರ್‌ನಲ್ಲಿ ರೆಫ್‌ಲಾಗ್ ಇಡಿ. ಹಂಚಿಕೊಂಡ ಬ್ರಾಂಚ್‌ಗೆ ಬರಿಯ ಫೋರ್ಸ್ ಪುಶ್ ಮಾಡಿ ಎನ್ನುವ ಸಲಹೆಯನ್ನು ಇನ್ನು ಯಾರಿಗೂ ಕೊಡದಂತೆ ಸಿಬ್ಬಂದಿಗೆ ಸೂಚಿಸಿ. ಇವೆಲ್ಲಕ್ಕೂ ಮುಂಚೆ, ಆ ಕಮಿಟ್‌ಗಳು ಎರಡಾದದ್ದು ನಿಮ್ಮ ವ್ಯವಸ್ಥೆಯಿಂದ ಎಂದು ಲಿಖಿತ ವಿವರಣೆ ಕಳುಹಿಸಿ. ಲೆಕ್ಕಪರಿಶೋಧಕರಿಗೆ ನಾವು ಅದನ್ನು ಸಲ್ಲಿಸಬೇಕಿದೆ.

ಇಂತಿ,
ತಂಡದ ಮುಖ್ಯಸ್ಥೆ,
ತಂತ್ರಾಂಶ ವಿಭಾಗ, ಹುಬ್ಬಳ್ಳಿ